ರಾತ್ರಿ 2 ಗಂಟೆಗೆ ಇಟ್ಟ ವೈರಸ್ ಸ್ಕ್ಯಾನ್ ಯಾಕೆ ಓಡುತ್ತಿಲ್ಲ?

ನಿಮ್ಮದು ಜೆರಾಕ್ಸ್ ಅಂಗಡಿ, ರಾತ್ರಿ ಬಾಗಿಲು ಹಾಕುವಾಗ ಕಂಪ್ಯೂಟರ್ ಬಂದ್ ಮಾಡಿ ಹೋಗುತ್ತೀರಿ, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನ ಸ್ಕ್ಯಾನ್ ಮಾತ್ರ ರಾತ್ರಿ 2ಕ್ಕೆ ಇಟ್ಟಿದ್ದೀರಿ. ಅದು ಓಡುತ್ತಲೇ ಇಲ್ಲ, ದುಡ್ಡು ಕೊಟ್ಟು ಬೇರೆ ಆಂಟಿವೈರಸ್ ಹಾಕಿಸಬೇಕಾ ಅಂತ ಕೇಳಿದ್ದೀರಿ. ಇದಕ್ಕೋಸ್ಕರ ಖಂಡಿತ ಬೇಡ. ಕಂಪ್ಯೂಟರೇ ಆಫ್ ಆಗಿದ್ದರೆ, ಹೇಳಿದ ಹೊತ್ತಿಗೆ ಕೆಲಸ ಶುರುಮಾಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಏನು ಮಾಡುತ್ತೆ ಹೇಳಿ! 'ವೇಕ್ ದ ಕಂಪ್ಯೂಟರ್' ಅನ್ನೋದಕ್ಕೆ ಟಿಕ್ ಹಾಕಿದರೂ ಅದು ಸ್ಲೀಪ್‌ನಲ್ಲಿರುವ ಕಂಪ್ಯೂಟರನ್ನು ಎಬ್ಬಿಸುತ್ತೆ, ಶಟ್‌ಡೌನ್ ಮಾಡಿದ್ದನ್ನಲ್ಲ.

ಸ್ಕ್ಯಾನ್‌ಗೆ ಒಳ್ಳೆ ಸಮಯ ಅಂದರೆ ಕಂಪ್ಯೂಟರ್ ಆನ್ ಇರಬೇಕು, ಆದರೆ ಅದರ ಮುಂದೆ ಯಾರೂ ಇರಬಾರದು. ಅಂಗಡಿಯವರಿಗೆ ಅದು ಮಧ್ಯಾಹ್ನದ ಊಟದ ಹೊತ್ತು. ಟಾಸ್ಕ್ ಶೆಡ್ಯೂಲರ್ ತೆಗೆದು ಎಡಗಡೆ ಟಾಸ್ಕ್ ಶೆಡ್ಯೂಲರ್ ಲೈಬ್ರರಿ, ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ಅಂತ ಒಂದೊಂದಾಗಿ ಬಿಚ್ಚಿಕೊಂಡು ಹೋಗಿ. ಅಲ್ಲಿ 'ವಿಂಡೋಸ್ ಡಿಫೆಂಡರ್ ಶೆಡ್ಯೂಲ್ಡ್ ಸ್ಕ್ಯಾನ್' ಅಂತಿರುತ್ತೆ. ಡಬಲ್ ಕ್ಲಿಕ್ ಮಾಡಿ, ಟ್ರಿಗರ್ಸ್‌ನಲ್ಲಿ ನ್ಯೂ ಒತ್ತಿ, ಡೈಲಿ ಆರಿಸಿ 2ರ ಮುಂದೆ ಪಿಎಂ ಹಾಕಿ.

ಟೈಮ್ ಹಾಕಿದ ಕೂಡಲೇ ಓಕೆ ಒತ್ತಿಬಿಡಬೇಡಿ, ನಾನು ನೋಡಿರುವ ಅಂಗಡಿಗಳಲ್ಲಿ ಜಾಸ್ತಿ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಪಕ್ಕದ ಕಂಡೀಷನ್ಸ್‌ನಲ್ಲಿ ಕಂಪ್ಯೂಟರ್ ಐಡಲ್ (ಯಾರೂ ಬಳಸದೆ ಸುಮ್ಮನೆ) ಇದ್ದರೆ ಮಾತ್ರ ಅನ್ನುವ ಟಿಕ್ ಇದ್ದರೆ ತೆಗೆಯಿರಿ. ಎಸಿ ಪವರ್‌ನಲ್ಲಿದ್ದರೆ (ಅಂದರೆ ಬ್ಯಾಟರಿಯಲ್ಲ, ಕರೆಂಟಿನಲ್ಲಿದ್ದರೆ) ಮಾತ್ರ ಅನ್ನೋದು ಇರಲಿ, ಯುಎಸ್‌ಬಿ ವೈರ್ ಹಾಕಿದ ಯುಪಿಎಸ್ ಇದ್ದರೆ ವಿಂಡೋಸ್ ಅದನ್ನು ಬ್ಯಾಟರಿ ಅಂತಲೇ ತಿಳಿಯುತ್ತೆ, ಕರೆಂಟ್ ಹೋದಾಗ ಯುಪಿಎಸ್ ಚಾರ್ಜನ್ನು ಸ್ಕ್ಯಾನ್ ತಿನ್ನೋದು ಬೇಡ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ, ತಪ್ಪಿಹೋದ ಟಾಸ್ಕನ್ನು ಆದಷ್ಟು ಬೇಗ ಓಡಿಸು ಅನ್ನುವ ಸಾಲಿಗೆ ಟಿಕ್ ಹಾಕಿ. ಆ ಹೊತ್ತಿಗೆ ಕಂಪ್ಯೂಟರ್ ಆಫ್ ಇದ್ದರೂ ಮುಂದಿನ ಸಲ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಸ್ಕ್ಯಾನ್ ಶುರುವಾಗುತ್ತೆ.

ನೀವು ಬೇರೇನೂ ಬದಲಾಯಿಸಿಲ್ಲ ಅಂದರೆ ಇದು ಕ್ವಿಕ್ ಸ್ಕ್ಯಾನ್ (ವೈರಸ್ ಸಾಮಾನ್ಯವಾಗಿ ಕೂರುವ ಜಾಗಗಳನ್ನಷ್ಟೇ ನೋಡೋದು), ದಿನಕ್ಕೆ ಅಷ್ಟು ಸಾಕು. ತಿಂಗಳಿಗೊಮ್ಮೆ ಫುಲ್ ಸ್ಕ್ಯಾನ್ ಬೇಕಿದ್ದರೆ ಕ್ರಿಯೇಟ್ ಟಾಸ್ಕ್ ಒತ್ತಿ ಬೇರೆ ಟಾಸ್ಕ್ ಮಾಡಿ. ಆಕ್ಷನ್ಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಒಳಗಿನ ವಿಂಡೋಸ್ ಡಿಫೆಂಡರ್ ಫೋಲ್ಡರಿನಿಂದ ಎಂಪಿಸಿಎಂಡಿರನ್ (MpCmdRun, ಡಿಫೆಂಡರಿಗೆ ಕಮಾಂಡ್ ಕೊಡುವ ಪ್ರೋಗ್ರಾಂ) ಆರಿಸಿ. ಆರ್ಗ್ಯುಮೆಂಟ್ಸ್ ಡಬ್ಬಿಯಲ್ಲಿ ಮೈನಸ್ ಗುರುತು ಹಾಕಿ ಸ್ಕ್ಯಾನ್, ಒಂದು ಸ್ಪೇಸ್, ಮತ್ತೆ ಮೈನಸ್ ಹಾಕಿ ಸ್ಕ್ಯಾನ್‌ಟೈಪ್, ಇನ್ನೊಂದು ಸ್ಪೇಸ್, ಕೊನೆಗೆ 2 ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಸ್ಕ್ಯಾನ್‌ಟೈಪ್ ನಡುವೆ ಸ್ಪೇಸ್ ಬೇಡ. 1 ಅಂದರೆ ಕ್ವಿಕ್, 2 ಅಂದರೆ ಫುಲ್. ಟಾಸ್ಕನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಹೈಯೆಸ್ಟ್ ಪ್ರಿವಿಲೇಜಸ್‌ಗೂ ಟಿಕ್ ಇರಲಿ. ಇದಕ್ಕೆ ಮಾತ್ರ ಆ ತಪ್ಪಿಹೋದ ಟಾಸ್ಕ್ ಸಾಲಿನ ಟಿಕ್ ಹಾಕಬೇಡಿ, ಬೆಳಗ್ಗೆ ಗಿರಾಕಿಗಳು ಸಾಲು ನಿಂತಾಗ ಫುಲ್ ಸ್ಕ್ಯಾನ್ ಶುರುವಾದರೆ ಹಳೇ ಹಾರ್ಡ್ ಡಿಸ್ಕ್ ಮೆಷಿನ್ ಒಂದು ಪಿಡಿಎಫ್ ತೆಗೆಯೋದಕ್ಕೂ ಒದ್ದಾಡುತ್ತೆ.

ನನಗೆ ನಿಜವಾದ ಚಿಂತೆ ನಿಮ್ಮ ಗಿರಾಕಿಗಳ ಪೆನ್ ಡ್ರೈವ್‌ಗಳದು. ನಾವು ಬದಲಾಯಿಸದಿದ್ದರೆ ಫುಲ್ ಸ್ಕ್ಯಾನ್ ಕೂಡ ಪೆನ್ ಡ್ರೈವನ್ನು ಮುಟ್ಟುವುದಿಲ್ಲ. ಅದಕ್ಕೇ ಚುಚ್ಚಿದ ಕೂಡಲೇ ಆ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್' ಒತ್ತುವ ಅಭ್ಯಾಸ ಮಾಡಿಕೊಳ್ಳಿ, ಕೆಲಸದ ಹುಡುಗರಿಗೂ ಹೇಳಿಕೊಡಿ. ಫೋಲ್ಡರ್ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಂಡರೆ ಅದನ್ನು ತೆರೆಯಲೇಬೇಡಿ. ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಪೆನ್ ಡ್ರೈವ್‌ನಲ್ಲಿ ಹಾಗೆ ಕಂಡರೆ ಅಸಲಿ ಫೋಲ್ಡರನ್ನು ಅಡಗಿಸಿ ಅದೇ ಹೆಸರಿನಲ್ಲಿ ವೈರಸ್ ಕೂತಿರುವ ಸಾಧ್ಯತೆ ಜಾಸ್ತಿ. ವ್ಯೂನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದರೆ ಸಾಮಾನ್ಯವಾಗಿ ಅಸಲಿ ಫೋಲ್ಡರ್ ಮಸುಕಾಗಿ ಕಾಣುತ್ತೆ, ಗಿರಾಕಿಯ ಫೈಲ್ ಅಲ್ಲೇ ಇರುತ್ತೆ.

ಮಾರನೇ ದಿನ ಊಟ ಮುಗಿಸಿ ಬಂದು ವಿಂಡೋಸ್ ಸೆಕ್ಯೂರಿಟಿಯಲ್ಲಿ 'ಲಾಸ್ಟ್ ಸ್ಕ್ಯಾನ್' ಮುಂದೆ ದಿನ, ಸಮಯ, ಎಷ್ಟು ಫೈಲ್ ನೋಡಿದೆ ಅನ್ನೋದು ಬಂದಿದೆಯಾ ನೋಡಿ. ಟಾಸ್ಕ್ ಶೆಡ್ಯೂಲರಿನ ರಿಸಲ್ಟ್‌ನಲ್ಲಿ ಕೊನೆಗೆ 41303 ಅಂತಿದ್ದರೆ ಟಾಸ್ಕ್ ಇನ್ನೂ ಒಂದು ಸಲವೂ ಓಡಿಲ್ಲ ಅಂತ. ಹಾಗಿದ್ದರೆ ಕಂಡೀಷನ್ಸ್ ಪುಟದ ಫೋಟೋ ಹಾಕಿ, ನೋಡಿ ಹೇಳುತ್ತೇನೆ.