ರೇಸ್ ಕಾರ್ಡ್ ನೋಡಿ ಗೆಲ್ಲುವ ಕುದುರೆ ಗುರುತಿಸುವುದು ಹೇಗೆ? ಹಾಸನದಿಂದ ಮೈಸೂರಿಗೆ ಹೊರಟವರಿಗೆ ನನ್ನ ಉತ್ತರ

ನಿಮ್ಮ ಪ್ರಶ್ನೆ ಇಷ್ಟು: ಹಾಸನದಿಂದ ಗೆಳೆಯರ ಜೊತೆ ಮೊದಲ ಸಲ ಮೈಸೂರು ರೇಸ್‌ಗೆ ಹೋಗುತ್ತಿದ್ದೀರಿ. ಹಿಂದಿನ ದಿನವೇ ಕಾರ್ಡ್ (ದಿನದ ರೇಸ್ ಮತ್ತು ಓಡುವ ಕುದುರೆಗಳ ಪಟ್ಟಿ) ನೋಡಿ ಗೆಲ್ಲಬಹುದಾದ ಕುದುರೆಗಳನ್ನು ಗುರುತು ಮಾಡಿಕೊಳ್ಳುವುದು ಹೇಗೆ? ಪೇಪರಿನಲ್ಲಿ ಬರುವ ಸೆಲೆಕ್ಷನ್, ಅಂದರೆ ಗೆಲ್ಲಬಹುದು ಎಂದು ಅವರು ಆರಿಸಿಕೊಡುವ ಹೆಸರುಗಳನ್ನು ನಂಬಬಹುದಾ?

ನಾನೂ ಹಾಸನದವನೇ. ಬಹಳ ವರ್ಷಗಳಿಂದ ಮೈಸೂರು, ಬೆಂಗಳೂರು ರೇಸ್‌ಗಳನ್ನು ನೋಡಿಕೊಂಡು ಬಂದಿದ್ದೇನೆ. ರೇಸಿನ ಹಿಂದಿನ ರಾತ್ರಿ ಊಟ ಮುಗಿಸಿ ಕಾರ್ಡ್ ಹಿಡಿದು ಕೂರುವುದು ನನಗೆ ರೇಸ್ ನೋಡುವುದಕ್ಕಿಂತ ಇಷ್ಟ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ. ದಿನದ ರೇಸ್‌ಗಳಲ್ಲಿ ಬಹುಪಾಲು ಹ್ಯಾಂಡಿಕ್ಯಾಪ್ ರೇಸ್‌ಗಳು. ಚೆನ್ನಾಗಿ ಓಡುವ ಕುದುರೆಗೆ ಜಾಸ್ತಿ ತೂಕ, ಸಾಧಾರಣ ಕುದುರೆಗೆ ಕಡಿಮೆ ತೂಕ ಹೊರಿಸುತ್ತಾರೆ. ಎಲ್ಲವೂ ಒಟ್ಟಿಗೆ ಗೆರೆ ಮುಟ್ಟುವ ಹಾಗೆ ಮಾಡುವುದೇ ಕ್ಲಬ್ಬಿನ ಹ್ಯಾಂಡಿಕ್ಯಾಪರ್ ಕೆಲಸ. ಆದ್ದರಿಂದ ಯಾವ ಕುದುರೆ ಒಳ್ಳೆಯದು ಎಂದು ಹುಡುಕಿದರೆ ಪ್ರಯೋಜನ ಇಲ್ಲ. ಅದು ಹ್ಯಾಂಡಿಕ್ಯಾಪರ್‌ಗೂ ಗೊತ್ತು, ತೂಕ ಹಾಕಿ ಆಗಿದೆ. ತನ್ನ ಸಾಮರ್ಥ್ಯಕ್ಕೆ ಹ್ಯಾಂಡಿಕ್ಯಾಪರ್ ಕೊಟ್ಟ ಅಂಕ, ಅಂದರೆ ರೇಟಿಂಗ್‌ಗಿಂತ ಇವತ್ತು ಚೆನ್ನಾಗಿರುವ ಕುದುರೆ ಯಾವುದು? ಹುಡುಕಬೇಕಾದ್ದು ಅದನ್ನು.

ಕಾರ್ಡಿನಲ್ಲಿ ಪ್ರತಿ ಕುದುರೆಯ ಹೆಸರಿನ ಪಕ್ಕ ವಯಸ್ಸು, ಬಣ್ಣ, ತಂದೆ ತಾಯಿ, ಟ್ರೈನರ್, ಜಾಕಿ, ತೂಕ, ರೇಟಿಂಗ್, ಗೇಟ್ ನಂಬರ್, ಹಿಂದಿನ ಓಟಗಳ ಅಂಕಿ ಇರುತ್ತವೆ. ನಮ್ಮಲ್ಲಿ ರೇಟಿಂಗಿನ ಒಂದು ಪಾಯಿಂಟ್ ಅಂದರೆ ಅರ್ಧ ಕೆಜಿ. 40ರಿಂದ 65 ರೇಟಿಂಗಿನ ರೇಸ್ ಎಂದಿದ್ದರೆ ತುದಿಯ ಕುದುರೆಗೂ ತಳದ ಕುದುರೆಗೂ 12.5 ಕೆಜಿ ವ್ಯತ್ಯಾಸ. ಕಾರ್ಡ್ ಓದುವವರು ಬಳಸುವ ಒಂದು ಅಂದಾಜು ಲೆಕ್ಕವೂ ಇದೆ. 1200 ಮೀಟರ್ ಓಟದಲ್ಲಿ ಒಂದು ಲೆಂತ್ (ಒಂದು ಕುದುರೆಯ ಉದ್ದ) ಅಂತರಕ್ಕೆ ಸುಮಾರು 1.4 ಕೆಜಿ, 1600 ಮೀಟರಿಗೆ ಸುಮಾರು 0.9 ಕೆಜಿ.

ಈ ಲೆಕ್ಕ ಹೇಗೆ ಕೆಲಸಕ್ಕೆ ಬರುತ್ತದೆ ನೋಡಿ. ಹೋದ ತಿಂಗಳು ಒಂದು ಕುದುರೆ 60 ಕೆಜಿ ಹೊತ್ತು 1200 ಮೀಟರ್ ಗೆದ್ದಿತು ಅಂದುಕೊಳ್ಳಿ. 55 ಕೆಜಿ ಹೊತ್ತಿದ್ದ ಇನ್ನೊಂದು ಮುಕ್ಕಾಲು ಲೆಂತ್ ಹಿಂದೆ ಎರಡನೇ ಸ್ಥಾನಕ್ಕೆ ಬಂತು. ಗೆದ್ದ ಕುದುರೆಯ ರೇಟಿಂಗ್ 6 ಪಾಯಿಂಟ್ ಏರಿತು, ಸೋತಿದ್ದು ಹಾಗೇ ಉಳಿಯಿತು. ನಾಳೆ ಎರಡೂ ಮತ್ತೆ ಎದುರಾದರೆ ಅಂತರ 5 ಕೆಜಿ ಹೋಗಿ 8 ಕೆಜಿ ಆಗಿರುತ್ತದೆ. ಮುಕ್ಕಾಲು ಲೆಂತ್ ಅಂದರೆ ಸುಮಾರು 1 ಕೆಜಿ ತಾನೇ? ಹೆಚ್ಚಾಗಿದ್ದು 3 ಕೆಜಿ. ಕಾಗದದ ಮೇಲೆ ಈ ಸಲ ಎರಡನೆಯದೇ ಮುಂದೆ. ಜನ ಮಾತ್ರ ಹೋದ ಸಲ ಗೆದ್ದಿದ್ದರ ಹಿಂದೆಯೇ ಹೋಗುತ್ತಾರೆ.

ಅಲ್ಲಿಗೇ ನಿಲ್ಲಿಸಬೇಡಿ. ಆ ರೇಸಿನ ವಿಡಿಯೊ ಹುಡುಕಿ ಕೊನೆಯ 400 ಮೀಟರ್ ಎರಡು ಮೂರು ಸಲ ನೋಡಿ. ಗೆದ್ದ ಕುದುರೆಯ ಮೇಲೆ ಜಾಕಿ ಚಾಟಿಯನ್ನೇ ಎತ್ತದೆ ಸುಮ್ಮನೆ ಕೂತಿದ್ದನಾ? ಹಾಗಿದ್ದರೆ ಮುಕ್ಕಾಲು ಲೆಂತ್ ಅನ್ನುವುದು ಸುಳ್ಳು ಅಂತರ, ಅದರೊಳಗೆ ಇನ್ನೂ ಓಟ ಉಳಿದಿತ್ತು. ಸೋತ ಕುದುರೆಗೆ ತಿರುವಿನಲ್ಲಿ ದಾರಿಯೇ ಸಿಗದೆ ಎರಡು ಕುದುರೆಗಳ ಹಿಂದೆ ಸಿಕ್ಕಿಕೊಂಡಿತ್ತಾ? ಹಾಗಿದ್ದರೆ ಅದರ ನಿಜವಾದ ಓಟ ನಾವು ನೋಡಿಯೇ ಇಲ್ಲ. ಫಾರ್ಮ್ ಅಂಕಿಯಲ್ಲಿ, ಅಂದರೆ ಹಿಂದಿನ ಓಟಗಳ ಸ್ಥಾನದ ಅಂಕಿಯಲ್ಲಿ, 5 ಅಂತಲೋ 7 ಅಂತಲೋ ಮಾತ್ರ ಇರುತ್ತದೆ, ಅದರ ಹಿಂದಿನ ಕಥೆ ಇರುವುದಿಲ್ಲ. ನನಗೆ ಸಿಕ್ಕ ಒಳ್ಳೆಯ ಗುರುತುಗಳಲ್ಲಿ ಹೆಚ್ಚಿನವು ಹೀಗೆ ವಿಡಿಯೊ ನೋಡಿ ಸಿಕ್ಕವು.

ಆಮೇಲೆ ಕ್ಲಾಸ್, ಅಂದರೆ 40ರಿಂದ 65 ತರದ ರೇಟಿಂಗ್ ಗುಂಪು ಯಾವುದು ನೋಡಿ. ಮೇಲಿನ ಕ್ಲಾಸಿನಲ್ಲಿ ಒದ್ದಾಡಿ ರೇಟಿಂಗ್ ಇಳಿದು ಕೆಳಗಿನ ಕ್ಲಾಸಿಗೆ ಬಂದ ಕುದುರೆ ಸಾಮಾನ್ಯವಾಗಿ ಜಾಸ್ತಿ ತೂಕ ಹೊತ್ತೇ ಓಡುತ್ತದೆ. ಮೊದಲ ಸಲ ಬಂದವರು ಆ ತೂಕ ನೋಡಿ ಹೆದರುತ್ತಾರೆ. ನಾನು ಹೆದರುವುದಿಲ್ಲ. ಎದುರಾಳಿಗಳು ಸಡಿಲವಾದಾಗ ಹಳೆಯ ಕುದುರೆಗೂ ಹುರುಪು ಬರುತ್ತದೆ. ಕೆಳಗೆ ಗೆದ್ದು ಮೇಲಿನ ಕ್ಲಾಸಿಗೆ ಹತ್ತಿದ ಕುದುರೆಗೆ ತೂಕ ಕಡಿಮೆ ಇರುತ್ತದೆ, ಆದರೆ ಅಲ್ಲಿನ ವೇಗವೇ ಬೇರೆ. ಎಳೆಯ ಕುದುರೆಯಾಗಿದ್ದು ಇನ್ನೂ ಬೆಳೆಯುತ್ತಿದ್ದರೆ ಮಾತ್ರ ಅದನ್ನು ಉಳಿಸಿಕೊಳ್ಳುತ್ತೇನೆ.

ದೂರ ಮರೆಯಬೇಡಿ. 1200 ಮೀಟರಿನಲ್ಲಿ ಹಿಂದಿನಿಂದ ನುಗ್ಗಿ ಬಂದು ನಾಲ್ಕನೆಯದಾದ ಕುದುರೆ ನಾಳೆ 1400 ಮೀಟರ್ ಓಡಲಿದ್ದರೆ ಪೆನ್ಸಿಲ್ ತೆಗೆದು ಗುರುತು ಹಾಕಿ. 1400ರಲ್ಲಿ ಕೊನೆಯ 200 ಮೀಟರಿಗೆ ಬಸವಳಿದು ಹಿಂದೆ ಬಿದ್ದಿದ್ದು 1200ಕ್ಕೆ ಬಂದಿದ್ದರೂ ಹಾಗೇ.

ಬೆಳಗಿನ ಟ್ರ್ಯಾಕ್ ವರ್ಕ್ (ಅಭ್ಯಾಸದ ಓಟ) ಬಗ್ಗೆ ಎಲ್ಲರೂ ಕೇಳುತ್ತಾರೆ. ಪತ್ರಿಕೆಗಳಲ್ಲಿ 1200 ಮೀಟರ್ 1 ನಿಮಿಷ 21 ಸೆಕೆಂಡ್, ಕೊನೆಯ 600 ಮೀಟರ್ 43 ಸೆಕೆಂಡ್, ಈಸಿ ಎಂಬ ತರದ ಸಾಲು ಬರುತ್ತದೆ. ಅಲ್ಲಿ ಕಾಲಕ್ಕಿಂತ ಪಕ್ಕದ ಮಾತು ಮುಖ್ಯ. ಈಸಿ ಅಂದರೆ ಕುದುರೆಯನ್ನು ಒತ್ತಾಯಿಸಲಿಲ್ಲ ಎಂದು ಅರ್ಥ. ಮರಳಿನ ಟ್ರ್ಯಾಕಿನಲ್ಲಿ, ಯಾರೋ ಒಬ್ಬ ಹುಡುಗ ಹತ್ತಿ ಓಡಿಸಿದ ಸಮಯವನ್ನು ಹುಲ್ಲಿನ ಮೇಲಿನ ರೇಸಿಗೆ ಹೋಲಿಸಿದರೆ ದಾರಿ ತಪ್ಪುತ್ತದೆ. ಬಹಳ ದಿನ ರಜೆಯಲ್ಲಿದ್ದ ಕುದುರೆ ತಯಾರಾಗಿದೆಯಾ ಎಂದು ತಿಳಿಯಲು ಮಾತ್ರ ನಾನು ಅದನ್ನು ನೋಡುತ್ತೇನೆ. ವಾರ ವಾರ ಕೆಲಸ ಮಾಡಿದ್ದರೆ ಸರಿ. ಒಂದೇ ಒಂದು ವರ್ಕ್ ಇದ್ದರೆ ಆ ಕುದುರೆ ಬೇಡ.

ಜಾಕಿ ವಿಷಯದಲ್ಲಿ ಒಂದೇ ಮಾತು. ಸೂರಜ್ ನರೇಡು ತರದ ದೊಡ್ಡ ಹೆಸರು ಕಂಡ ಕೂಡಲೇ ಜನ ಹಣ ಹಾಕುತ್ತಾರೆ, ಬೆಲೆ, ಅಂದರೆ ಗೆದ್ದರೆ ಸಿಗುವ ಪಟ್ಟು, ಇಳಿಯುತ್ತದೆ. ಜಾಕಿ ಒಳ್ಳೆಯವನೇ ಇರಬಹುದು, ಆದರೆ ಆ ಬೆಲೆಗೆ ಆ ಕುದುರೆ ಯೋಗ್ಯವಾ ಎಂದು ಯೋಚಿಸಿ. ಕಲಿಯುತ್ತಿರುವ ಅಪ್ರೆಂಟಿಸ್ ಜಾಕಿಗಳಿಗೆ ತೂಕದಲ್ಲಿ ರಿಯಾಯಿತಿ ಸಿಗುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೈಸೂರಿನ ಮುಖ್ಯ ಸೀಸನ್ ಬರುವುದು ಮಳೆಗಾಲದಲ್ಲಿ. ಚಾಮುಂಡಿ ಬೆಟ್ಟದ ಬುಡದ ಆ ಟ್ರ್ಯಾಕ್ ಒಂದು ಮಳೆಗೆ ಮೆತ್ತಗಾಗಿಬಿಡುತ್ತದೆ. ನೆಲ ಎಷ್ಟು ಮೆತ್ತಗಿದೆ ಎನ್ನುವುದನ್ನು ಪೆನೆಟ್ರೋಮೀಟರ್ ಎಂಬ ಸಾಧನದಿಂದ ಅಳೆದು ತಿಳಿಸುತ್ತಾರೆ. ಅಂಕಿ ಜಾಸ್ತಿ ಇದ್ದಷ್ಟೂ ನೆಲ ಮೆತ್ತಗೆ. ಅಂಥ ದಿನ ಹಿಂದೆ ಒದ್ದೆ ನೆಲದಲ್ಲಿ ಓಡಿದ ದಾಖಲೆ ಇರುವ ಕುದುರೆಗಳನ್ನು ಮೇಲಕ್ಕೆ ತನ್ನಿ. ರಾತ್ರಿ ಮಾಡಿದ ಪಟ್ಟಿಯನ್ನು ಬೆಳಿಗ್ಗೆ ಬದಲಾಯಿಸಲು ಸಂಕೋಚ ಬೇಡ.

ಇನ್ನು ಮೇಡನ್ ರೇಸ್, ಅಂದರೆ ಒಮ್ಮೆಯೂ ಗೆಲ್ಲದ ಕುದುರೆಗಳ ರೇಸ್. ಅಲ್ಲಿ ರೇಟಿಂಗ್ ಲೆಕ್ಕ ನಡೆಯುವುದಿಲ್ಲ. ಕೆಲವು ಕುದುರೆಗಳು ಮೊದಲ ಸಲ ಓಡುತ್ತಿರುತ್ತವೆ, ತಂದೆ ತಾಯಿಯ ಹೆಸರು ಬಿಟ್ಟರೆ ಏನೂ ಇರುವುದಿಲ್ಲ. ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಕುಣಿಗಲ್ ಸಿಗುತ್ತದೆ ಅಲ್ವಾ, ಅಲ್ಲಿನ ಸ್ಟಡ್ ಫಾರ್ಮ್ ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದದ್ದು. ಅಂಥ ಜಾಗಗಳಲ್ಲಿ ಹುಟ್ಟಿದ ಮರಿಗಳ ವಂಶ ನೋಡಿ ಈ ದೂರ ಒಗ್ಗುತ್ತದಾ ಎಂದು ಊಹಿಸಬಹುದು, ಅಷ್ಟೇ. ನಾನು ಮೇಡನ್ ರೇಸ್‌ಗಳನ್ನು ಸುಮ್ನೆ ನೋಡುತ್ತೇನೆ, ಹಣ ಕಟ್ಟುವುದಿಲ್ಲ. ಯಾವ ಕುದುರೆ ಹೇಗೆ ಓಡಿತು ಎಂದು ಬರೆದಿಟ್ಟುಕೊಂಡರೆ ಮುಂದಿನ ತಿಂಗಳಿಗೆ ಉಪಯೋಗಕ್ಕೆ ಬರುತ್ತದೆ.

ಪ್ಯಾಡಕ್ಕಿಗೆ ತಪ್ಪದೆ ಹೋಗಿ. ಪ್ರತಿ ರೇಸಿನ ಮುಂಚೆ ಕುದುರೆಗಳನ್ನು ಅಲ್ಲಿ ಸುತ್ತಿಸುತ್ತಾರೆ. ನೀವು ನಮ್ಮ ಜಿಲ್ಲೆಯವರು. ಚನ್ನರಾಯಪಟ್ಟಣದ ಕಡೆ ಬೂಕನಬೆಟ್ಟದ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ನೋಡುವ ರೈತರ ಪಕ್ಕ ನಿಂತಿದ್ದರೆ ಅರ್ಧ ಪಾಠ ಆಗಿದೆ. ಅವರು ನಡಿಗೆ ನೋಡುತ್ತಾರೆ, ಹಿಂಗಾಲು ಮುಂಗಾಲಿನ ಹೆಜ್ಜೆ ದಾಟುತ್ತದಾ ನೋಡುತ್ತಾರೆ, ಕಣ್ಣು ಕಿವಿ ನೋಡುತ್ತಾರೆ. ಇಲ್ಲಿಯೂ ಅದನ್ನೇ ಮಾಡಿ. ಮೈ ಹೊಳೆಯುತ್ತಿರಬೇಕು, ಹೊಟ್ಟೆ ಜೋತು ಬಿದ್ದಿರಬಾರದು. ತಂಪು ದಿನದಲ್ಲೂ ತೊಡೆಗಳ ಸಂದಿಯಲ್ಲಿ ನೊರೆ ಬರುವಷ್ಟು ಬೆವರಿ ತಲೆ ಒದರುತ್ತಿದ್ದರೆ ಆ ಕುದುರೆ ಓಟಕ್ಕೆ ಮುಂಚೆಯೇ ಶಕ್ತಿ ಖರ್ಚು ಮಾಡುತ್ತಿದೆ. ಎಷ್ಟೇ ಲೆಕ್ಕ ಹಾಕಿ ಆರಿಸಿದ್ದರೂ ಅಂಥದ್ದನ್ನು ನಾನು ಆ ಕ್ಷಣವೇ ಬಿಡುತ್ತೇನೆ.

ಪೇಪರಿನ ಸೆಲೆಕ್ಷನ್ ವಿಷಯಕ್ಕೆ ಬರುತ್ತೇನೆ. ಅದನ್ನು ಬರೆಯುವವರು ತಿಳಿದವರೇ. ಆದರೆ ಅವರು ಪ್ರತಿ ರೇಸಿಗೂ ಮೂರು ಹೆಸರು ಕೊಡಲೇಬೇಕು, ಬಿಟ್ಟುಬಿಡಬೇಕಾದ ರೇಸಿಗೂ ಕೊಡಬೇಕು. ನಿಮಗೆ ಆ ಬಂಧನ ಇಲ್ಲ. ದಿನದ ಏಳೆಂಟು ರೇಸ್‌ಗಳಲ್ಲಿ ಎರಡು ಆರಿಸಿಕೊಳ್ಳಿ, ಸಾಕು. ಮೊದಲು ನಿಮ್ಮ ಪಟ್ಟಿ ಮಾಡಿ, ಆಮೇಲೆ ಪೇಪರ್ ತೆರೆಯಿರಿ. ಮುಂಚೆಯೇ ಓದಿದರೆ ಅವರ ಕಣ್ಣಲ್ಲೇ ಕಾರ್ಡ್ ಕಾಣಿಸುತ್ತದೆ.

ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಗ್ಯಾರಂಟಿ ಟಿಪ್ ಎಂದು ದುಡ್ಡು ಕೇಳುವವರ ಹತ್ತಿರವೂ ಹೋಗಬೇಡಿ. ಗೆಲ್ಲುವುದು ಗೊತ್ತಿರುವವನು ನಿಮ್ಮ ಐನೂರು ರೂಪಾಯಿಗೆ ಯಾಕೆ ಕಾಯುತ್ತಾನೆ? ಊರಲ್ಲೇ ಕೂತು ಫೋನಿನಲ್ಲಿ ಬಾಜಿ ಬರೆದುಕೊಳ್ಳುವ ಲೈಸೆನ್ಸ್ ಇಲ್ಲದ ಬುಕ್ಕಿಗಳೂ ಬೇಡವೇ ಬೇಡ. ಅದು ಅಪರಾಧ. ಅಲ್ಲಿ ಸಾಲಕ್ಕೂ ಆಡಿಸುತ್ತಾರೆ, ಆ ಸಾಲದಲ್ಲಿ ಹಾಳಾದ ಹುಡುಗರನ್ನು ನೋಡಿ ನನಗೆ ಸಂಕಟ ಆಗಿದೆ.

ಕೊನೆಗೆ ಹಣದ ಮಾತು, ಇದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿದೆ. ನಾನು ಅದನ್ನು ಒಪ್ಪುತ್ತೇನೆ, ಮೇಲೆ ಬರೆದಿದ್ದೆಲ್ಲ ಆ ಕೌಶಲವೇ. ಆದರೆ ಕೌಶಲ ಇದ್ದರೆ ಲಾಭ ಗ್ಯಾರಂಟಿ ಎಂದು ಅರ್ಥ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ ಜಿಎಸ್‌ಟಿ 28ರಿಂದ 40 ಪರ್ಸೆಂಟಿಗೆ ಏರಿದೆ. ಒಂದಕ್ಕೆ ಎರಡು ಬೆಲೆಯ ಕುದುರೆಗೆ 100 ರೂಪಾಯಿ ಕಟ್ಟಿ ಗೆದ್ದರೆ 300 ವಾಪಸ್ ಬರುತ್ತದೆ. ತೆರಿಗೆ ಇಲ್ಲದಿದ್ದರೆ ಮೂರರಲ್ಲಿ ಒಂದು ಸಲ ಗೆದ್ದರೂ ಅಸಲು ಉಳಿಯುತ್ತಿತ್ತು. ತೆರಿಗೆ ಸೇರಿ 140 ಖರ್ಚು ಎಂದು ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಎರಡರಲ್ಲಿ ಒಂದು ಸಲ ಗೆಲ್ಲಬೇಕು. ಜನರ ಮೆಚ್ಚಿನ ಫೇವರಿಟ್ ಕುದುರೆಗಳೇ ಸಾಮಾನ್ಯವಾಗಿ ಮೂರರಲ್ಲಿ ಒಂದು ಸಲ ಗೆಲ್ಲುವುದು. ಗೆದ್ದ ಹಣದ ಮೇಲೆ 30 ಪರ್ಸೆಂಟ್ ಆದಾಯ ತೆರಿಗೆ ಬೇರೆ.

ಹಾಗಾಗಿ ಸಿನಿಮಾಕ್ಕೆ, ಹೋಟೆಲಿಗೆ ಎತ್ತಿಡುವ ಹಾಗೆ ಒಂದು ಮೊತ್ತ ಎತ್ತಿಟ್ಟುಕೊಂಡು ಹೋಗಿ, ಎಟಿಎಂ ಕಾರ್ಡ್ ಮನೆಯಲ್ಲೇ ಬಿಡಿ. ಸತತ ಐದು ರೇಸಿನಲ್ಲಿ ಗೆಲ್ಲುವ ಕುದುರೆ ಹೇಳಬೇಕಾದ ಜಾಕ್‌ಪಾಟ್, ಮೊದಲ ಮೂರು ಕುದುರೆಗಳನ್ನು ಸಾಲಾಗಿ ಹೇಳಬೇಕಾದ ಬಾಜಿಯ ಕಡೆ ಮೊದಲ ದಿನ ಹೋಗಬೇಡಿ. ಕುದುರೆ ಗೆದ್ದರೆ ಹಣ ಸಿಗುವ ವಿನ್, ಅಥವಾ ಮೊದಲ ಕೆಲವು ಸ್ಥಾನಗಳಲ್ಲಿ ಬಂದರೂ ಸಿಗುವ ಪ್ಲೇಸ್ ಸಾಕು.

ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋದರೆ ಸುಮಾರು 120 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಡಿ, ಮೊದಲ ರೇಸಿನ ಪ್ಯಾಡಕ್ ತಪ್ಪಬಾರದು. ಕಾರ್ಡ್ ಬಂದ ಮೇಲೆ ನೀವು ಆರಿಸಿದ ಎರಡು ರೇಸ್ ಯಾವುವು, ಯಾಕೆ ಆ ಕುದುರೆ ಎಂದು ಇಲ್ಲಿ ಕೆಳಗೆ ಬರೆಯಿರಿ. ನಾನೂ ಅದೇ ಕಾರ್ಡ್ ನೋಡಿ ನನ್ನ ಲೆಕ್ಕ ಹೇಳುತ್ತೇನೆ.