ಕಡಲ ತುದಿಯ ಊರಿಗೆ ಹೋದರೆ ಎಲ್ಲಿ ಉಳಿಯೋಣ?

ಪ್ರಶ್ನೆ: ಸಂಕ್ರಾಂತಿ ರಜೆಗೆ ರಾಮೇಶ್ವರಕ್ಕೆ ಹೊರಟಿದ್ದೇವೆ. ನಾವಿಬ್ಬರು, 14 ವರ್ಷದ ಮಗ, 9 ವರ್ಷದ ಮಗಳು, ಜೊತೆಗೆ ಮಂಡಿನೋವಿರುವ 72 ವರ್ಷದ ಅತ್ತೆ. ನಮ್ಮದೇ ಕಾರಿನಲ್ಲಿ ಹೋಗುತ್ತೇವೆ. ರೂಮ್ ಮೂರು ಕಡೆ ನೋಡಿಟ್ಟಿದ್ದೇನೆ. ಮಂಡಪಂ ಹತ್ತಿರ ಕಡಲಿಗೆ ಎದುರಾಗಿರುವ ರೆಸಾರ್ಟ್, ರಾಮನಾಥಪುರಂನಲ್ಲಿ ಕಡಿಮೆ ಬೆಲೆಯ ದೊಡ್ಡ ಹೋಟೆಲ್, ಇಲ್ಲವೇ ದೇವಸ್ಥಾನದ ಪಕ್ಕದ ಲಾಡ್ಜ್. ಅತ್ತೆಗೆ ದರ್ಶನ ಆಗಬೇಕು, ಮಗನಿಗೆ ಶ್ರೀಲಂಕಾ ಗಡಿ ನೋಡಬೇಕು, ಮಗಳಿಗೆ ನೀರಿನಲ್ಲಿ ಆಡಬೇಕು. ಯಾವುದು ಸರಿ?
ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ದೇವಸ್ಥಾನದ ಹತ್ತಿರವೇ ಉಳಿಯಿರಿ. ಪಕ್ಕಕ್ಕೇ ಅಂಟಿಕೊಂಡಿರಬೇಕಿಲ್ಲ, ಅತ್ತೆಯವರು ಐದು ನಿಮಿಷದಲ್ಲಿ ನಡೆದು ತಲುಪುವಷ್ಟು ದೂರ ಇದ್ದರೆ ಸಾಕು.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅಂದರೆ, ಮೊದಲ ಸಲ ಹೋದಾಗ ನಾನು ಬಾಡಿಗೆ ಕಡಿಮೆ ಅಂತ ರಾಮನಾಥಪುರಂನಲ್ಲಿ ರೂಮ್ ಮಾಡಿದ್ದೆ. ರೂಮ್ ಚೆನ್ನಾಗಿತ್ತು, ಊಟವೂ ಚೆನ್ನಾಗಿತ್ತು. ಆದರೆ ಅಲ್ಲಿಂದ ರಾಮೇಶ್ವರ ಸುಮಾರು 55 ಕಿ.ಮೀ. ಬೆಳಗ್ಗೆ ಆರಕ್ಕೆ ಹೊರಟು, ದಾರಿಯಲ್ಲಿ ಕಾಫಿ ಕುಡಿದು, ರಾಮೇಶ್ವರದ ದ್ವೀಪಕ್ಕೆ ಹೋಗುವ ಪಾಂಬನ್ ಸೇತುವೆ ಮೇಲೆ ಎಲ್ಲರ ಹಾಗೆ ಗಾಡಿ ನಿಧಾನ ಮಾಡಿ ದೇವಸ್ಥಾನ ತಲುಪುವ ಹೊತ್ತಿಗೆ ಸ್ಫಟಿಕ ಲಿಂಗದ ದರ್ಶನ ಮುಗಿದುಹೋಗಿತ್ತು. ಅದು ಬೆಳಗಿನ ಜಾವ ಐದರಿಂದ ಆರರವರೆಗೆ ಮಾತ್ರ. ಅಮ್ಮ ಜೊತೆಗಿದ್ದರು. ಏನೂ ಹೇಳಲಿಲ್ಲ, ಕಂಬಕ್ಕೆ ಒರಗಿ ಸುಮ್ನೆ ಕೂತರು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಆ ಊರಿನಲ್ಲಿ ನೋಡಬೇಕಾದ್ದೆಲ್ಲ ಬೆಳಗ್ಗೆ ಬೇಗ ನಡೆಯುತ್ತದೆ. ಸ್ಫಟಿಕ ಲಿಂಗ ಐದಕ್ಕೆ. ಅಗ್ನಿತೀರ್ಥದ, ಅಂದರೆ ಕಡಲಿನ ಸ್ನಾನ ಸೂರ್ಯ ಹುಟ್ಟುವ ಹೊತ್ತಿಗೆ. ದ್ವೀಪದ ತುದಿಯ ಧನುಷ್ಕೋಡಿಗೆ ಹೋಗುವ ದಾರಿಯ ಚೆಕ್‌ಪೋಸ್ಟ್ ಬೆಳಗ್ಗೆ ಆರರ ಹೊತ್ತಿಗೆ ತೆಗೆಯುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ದೇವಸ್ಥಾನದ ಬಾಗಿಲು ಹಾಕುತ್ತಾರೆ, ಮತ್ತೆ ತೆರೆಯುವುದು ಮೂರರ ಮೇಲೆ. ಆಗ ಬಿಸಿಲಿಗೆ ಊರೇ ಮಲಗಿದ ಹಾಗಿರುತ್ತದೆ. ಹತ್ತಿರ ಉಳಿದವರು ಆ ಹೊತ್ತಿನಲ್ಲಿ ರೂಮಿಗೆ ಬಂದು ಮಲಗುತ್ತಾರೆ, ದೂರ ಉಳಿದವರು ಕಾರಿನಲ್ಲಿ ಎಸಿ ಹಾಕಿಕೊಂಡು ಕೂರುತ್ತಾರೆ. ಮಂಡಿನೋವಿನವರಿಗೆ ಆ ಎರಡು ಗಂಟೆಯ ನಿದ್ದೆ ಎಷ್ಟು ಮುಖ್ಯ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಮಂಡಪಂ ರೆಸಾರ್ಟ್ ಕೆಟ್ಟ ಆಯ್ಕೆಯಲ್ಲ. ಅತ್ತೆಯವರು ಜೊತೆಗಿಲ್ಲದಿದ್ದರೆ ನಾನು ಅದನ್ನೇ ಹೇಳುತ್ತಿದ್ದೆನೋ ಏನೋ. ಆದರೆ ಮಂಡಪಂ ಇರುವುದು ಸೇತುವೆಯ ಈಚೆ, ದೊಡ್ಡ ನೆಲದ ಕಡೆ. ಅಲ್ಲಿಂದ ರಾಮೇಶ್ವರಕ್ಕೆ ಹೆಚ್ಚುಕಡಿಮೆ 20 ಕಿ.ಮೀ., ಧನುಷ್ಕೋಡಿಯ ತುದಿಗೆ ಇನ್ನೂ 20ರ ಮೇಲೆ. ರಜೆಯ ದಿನ ಸೇತುವೆ ಮೇಲೆ ಫೋಟೋಗೆ ನಿಲ್ಲುವ ಗಾಡಿಗಳ ಹಿಂದೆ ಸಿಕ್ಕಿಕೊಂಡರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನಾಲ್ಕು ರಾತ್ರಿ ಇದ್ದರೆ ಮೂರು ರಾಮೇಶ್ವರದಲ್ಲಿ ಕಳೆದು, ಕೊನೆಯ ರಾತ್ರಿ ಮಂಡಪಂಗೆ ಬನ್ನಿ. ಮಗಳ ಆಸೆಗೂ ಅದೇ ಸರಿ. ಮಂಡಪಂಗಿಂತ ಸ್ವಲ್ಪ ಹಿಂದೆ ಅರಿಯಮಾನ್ ಬೀಚ್ ಇದೆ. ನಮಗೂ ಲಂಕೆಗೂ ನಡುವಿನ ಪಾಕ್ ಕೊಲ್ಲಿಯ ಕಡೆಯದು, ನೀರು ಆಳವಿಲ್ಲ, ಅಲೆಯೂ ಕಡಿಮೆ. ಮಕ್ಕಳು ಸೊಂಟದ ನೀರಿನಲ್ಲಿ ಎಷ್ಟು ಹೊತ್ತು ಬೇಕಾದರೂ ಆಡಬಹುದು. ಕಣ್ಣು ಮಾತ್ರ ಅವರ ಮೇಲೇ ಇರಲಿ.

ಧನುಷ್ಕೋಡಿಯಲ್ಲಿ ಮಾತ್ರ ಮಗಳನ್ನು ನೀರಿಗೆ ಇಳಿಸಬೇಡಿ. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಕಾಗುವುದಿಲ್ಲ. ತುದಿಯಲ್ಲಿರುವ ಅರಿಚಲ್ ಮುನೈನಲ್ಲಿ ಎರಡು ಕಡಲು ಸೇರುತ್ತವೆ. ಒಂದು ಕಡೆ ತೆಳು ಹಸಿರು ನೀರು ಕೆರೆಯ ಹಾಗೆ ಮಲಗಿರುತ್ತದೆ, ಅದನ್ನು ಅಲ್ಲಿಯ ಮೀನುಗಾರರು ಪೆಣ್ ಕಡಲ್, ಅಂದರೆ ಹೆಣ್ಣು ಕಡಲು ಅನ್ನುತ್ತಾರೆ. ಇನ್ನೊಂದು ಕಡೆ ಗಾಢ ನೀಲಿ ಅಲೆ ಬಂದು ಅಪ್ಪಳಿಸುತ್ತದೆ, ಅದು ಆಣ್ ಕಡಲ್, ಗಂಡು ಕಡಲು. ಮಳೆಗಾಲ ತಿರುಗಿದರೆ ಇವು ತಮ್ಮ ಸ್ವಭಾವವನ್ನೇ ಅದಲು ಬದಲು ಮಾಡಿಕೊಳ್ಳುತ್ತವೆ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಶಾಂತವಾಗಿದ್ದ ಕಡೆಯೇ ಕೆರಳುತ್ತದೆ. ಎರಡು ಸೆಳೆತ ಒಂದನ್ನೊಂದು ಹಾಯುವ ಜಾಗ ಅದು, ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಈಜು ಬರುತ್ತೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನು ಮಗನ ಗಡಿ. ಮೊದಲೇ ಅವನಿಗೆ ಹೇಳಿಬಿಡಿ, ಅಲ್ಲಿ ವಾಘಾ ಥರ ಗೇಟು, ಬೇಲಿ, ಸೈನಿಕರ ಪರೇಡ್ ಯಾವುದೂ ಇಲ್ಲ. ರಸ್ತೆಯ ತುದಿಯಲ್ಲಿ ಅಶೋಕ ಸ್ತಂಭ ಇರುವ ಒಂದು ಸರ್ಕಲ್ ಇದೆ, ಅದರಾಚೆ ಮರಳು, ಅದರಾಚೆ ನೀರು. ಗಡಿ ಇರುವುದು ಆ ನೀರಿನೊಳಗೆ. ಎದುರು ದಡದ ತಲೈಮನ್ನಾರ್ ಅಲ್ಲಿಂದ ಸುಮಾರು 30 ಕಿ.ಮೀ., ಬರಿಗಣ್ಣಿಗೆ ಕಾಣುವುದಿಲ್ಲ. ಬೈನಾಕ್ಯುಲರ್ ಬಾಡಿಗೆಗೆ ಕೊಟ್ಟು ಲಂಕಾ ತೋರಿಸುತ್ತೇವೆ ಅನ್ನುವವರ ಹತ್ತಿರ ದುಡ್ಡು ಕಳೆದುಕೊಳ್ಳಬೇಡಿ. ಆದರೆ ಮಗನ ಫೋನನ್ನು ಅವನ ಕೈಗೇ ಕೊಡಿ. ತುದಿಗೆ ಹೋಗುತ್ತಿದ್ದ ಹಾಗೆ ಕೆಲವರ ಫೋನಿಗೆ ಲಂಕೆಯ ಟವರ್ ಸಿಕ್ಕಿ ಸ್ವಾಗತದ ಮೆಸೇಜ್ ಬರುತ್ತದೆ. ಗಡಿ ಅಂದರೆ ಏನು ಅಂತ ಹುಡುಗನಿಗೆ ಅರ್ಥವಾಗಲು ಅದಕ್ಕಿಂತ ಒಳ್ಳೆಯ ಕ್ಷಣ ಬೇಡ. ನಿಮ್ಮ ಫೋನಿನಲ್ಲಿ ಮಾತ್ರ ರೋಮಿಂಗ್ ಆಫ್ ಮಾಡಿಡಿ, ಬಿಲ್ ಜಾಸ್ತಿ ಬರಬಹುದು.

ಹಳೆ ಧನುಷ್ಕೋಡಿಯಲ್ಲಿ ಒಂದು ಗಂಟೆಯಾದರೂ ನಿಲ್ಲಿ. 1914ರಲ್ಲಿ ಪಾಂಬನ್ ರೈಲು ಸೇತುವೆ ಆದ ಮೇಲೆ ಮದ್ರಾಸಿನಿಂದ ಬೋಟ್ ಮೇಲ್ ರೈಲು ಇಲ್ಲಿಗೆ ಬರುತ್ತಿತ್ತು. ಜನ ರೈಲಿಳಿದು, ಸ್ಟೀಮರ್ ಹತ್ತಿ ತಲೈಮನ್ನಾರ್‌ಗೆ ಹೋಗಿ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊ ಸೇರುತ್ತಿದ್ದರು. ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಶಾಲೆ, ಚರ್ಚು ಎಲ್ಲ ಇದ್ದ ಊರು. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಬರುತ್ತಿದ್ದ ಪ್ಯಾಸೆಂಜರ್ ರೈಲು ಒಳಗಿದ್ದ ನೂರಕ್ಕೂ ಹೆಚ್ಚು ಜನರ ಸಮೇತ ಅಲೆಗೆ ಕೊಚ್ಚಿಹೋಯಿತು. ಊರು ವಾಸಕ್ಕೆ ಯೋಗ್ಯವಲ್ಲ ಅಂತ ಸರ್ಕಾರ ಆಮೇಲೆ ಘೋಷಿಸಿತು. ಈಗ ನಿಂತಿರುವುದು ಹವಳದ ಕಲ್ಲಿನ ಚರ್ಚಿನ ಗೋಡೆ, ರೈಲು ನಿಲ್ದಾಣದ ಒಂದೆರಡು ಕಮಾನು. ಆದರೂ ಮೀನುಗಾರ ಕುಟುಂಬಗಳು ಅಲ್ಲೇ ಗುಡಿಸಲು ಹಾಕಿಕೊಂಡಿವೆ. ನಾನು ಹೋದಾಗ ಒಬ್ಬ ಅಜ್ಜಿ ಮರಳಿನಲ್ಲಿ ತೋಡಿದ್ದ ಗುಂಡಿಯಿಂದ ತಟ್ಟೆಯಲ್ಲಿ ನೀರು ಮೊಗೆದು ಕೊಡಕ್ಕೆ ತುಂಬಿಸುತ್ತಿದ್ದರು. ಎರಡೂ ಕಡೆ ಕಡಲು, ನಡುವೆ ನಾಲ್ಕಡಿ ಗುಂಡಿ, ಅದರಲ್ಲಿ ಸಿಹಿನೀರು. ಒಂದು ಬೊಗಸೆ ನನಗೂ ಕೊಟ್ಟರು. ಅವರ ಹತ್ತಿರ ಒಂದು ಕಪ್ಪೆಚಿಪ್ಪಿನ ಸರವನ್ನಾದರೂ ಕೊಳ್ಳಿ, ಚೌಕಾಸಿ ಮಾಡಬೇಡಿ.

ಅತ್ತೆಯವರ ವಿಷಯಕ್ಕೆ ಬರೋಣ. ಮೊದಲು ಅಗ್ನಿತೀರ್ಥದ ಕಡಲಿನಲ್ಲಿ ಮುಳುಗು ಹಾಕಿ, ಆಮೇಲೆ ದೇವಸ್ಥಾನದೊಳಗಿನ 22 ತೀರ್ಥಗಳಿಗೆ ಹೋಗುವುದು ಕ್ರಮ. ಬಾವಿಕಟ್ಟೆ ಮೇಲೆ ನಿಂತವರು ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ನೀರು ಸೇದಿ ತಲೆ ಮೇಲೆ ಸುರಿಯುತ್ತಾರೆ. ಒಂದೊಂದು ಬಾವಿಯ ನೀರೂ ಬೇರೆ ಬೇರೆ, ಒಂದು ತಣ್ಣಗೆ, ಇನ್ನೊಂದು ಸ್ವಲ್ಪ ಬೆಚ್ಚಗೆ. ಆದರೆ ನೆಲವೆಲ್ಲ ಒದ್ದೆ, ಕಲ್ಲು ಜಾರುತ್ತದೆ, ಹಿಂದಿನಿಂದ ಜನ ಓಡಿಕೊಂಡು ಬರುತ್ತಾರೆ. 22ನ್ನೂ ಮುಗಿಸಲೇಬೇಕು ಅನ್ನುವ ಹಠ ಬೇಡ. ನಿಮ್ಮ ಯಜಮಾನರು ಅಥವಾ ಮಗ ಅವರ ಕೈ ಹಿಡಿದುಕೊಂಡೇ ನಡೆಯಲಿ. ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ಕಡೆ ಬಿಡುವುದಿಲ್ಲ, ಒಣ ಸೀರೆ ಕೈಚೀಲದಲ್ಲೇ ಇರಲಿ. ರೂಮ್ ಹತ್ತಿರವಿದ್ದರೆ ಇದಕ್ಕೂ ಅನುಕೂಲ, ಹೋಗಿ ಬಟ್ಟೆ ಬದಲಾಯಿಸಿ ಬಂದುಬಿಡಬಹುದು. ಆಮೇಲೆ ಮೂರನೇ ಪ್ರಾಕಾರದಲ್ಲಿ ಅವರನ್ನು ನಿಧಾನವಾಗಿ ನಡೆಸಿ, 1212 ಕಂಬಗಳ ಸಾಲು ಅದು, ನಡುವೆ ನಿಂತು ನೋಡಿದರೆ ಕೊನೆಯೇ ಕಾಣುವುದಿಲ್ಲ. ಅಲ್ಲಿ ಪೂಜೆ ಮಾಡುವ ಅರ್ಚಕರು ದೀಕ್ಷೆ ಪಡೆಯುವುದು ನಮ್ಮ ಶೃಂಗೇರಿ ಮಠದಿಂದ. ಇದನ್ನು ಅತ್ತೆಯವರಿಗೆ ಹೇಳಿ, ಖುಷಿಪಡುತ್ತಾರೆ.

ರೂಮ್ ಬುಕ್ ಮಾಡುವಾಗ ಎರಡು ಪ್ರಶ್ನೆ ಫೋನ್ ಮಾಡಿಯೇ ಕೇಳಿ. ಲಿಫ್ಟ್ ಇದೆಯಾ, ಕಾರು ಎಲ್ಲಿ ನಿಲ್ಲಿಸಬೇಕು. ದೇವಸ್ಥಾನದ ಸುತ್ತಲಿನ ಬೀದಿಗಳು ಇಕ್ಕಟ್ಟು, ಜನ ಜಾಸ್ತಿ ಇದ್ದಾಗ ಪೊಲೀಸರು ಕಾರುಗಳನ್ನು ಒಳಗೆ ಬಿಡುವುದಿಲ್ಲ. ಬೀದಿಯ ಕಡೆ ಕಿಟಕಿಯಿರುವ ರೂಮ್ ಬೇಡ ಅನ್ನಿ, ರಾತ್ರಿಯೆಲ್ಲ ಬಸ್ಸಿನವರು ಬರುತ್ತಲೇ ಇರುತ್ತಾರೆ.

ದಿನಾಂಕದ ಬಗ್ಗೆಯೂ ಒಂದು ಮಾತು. ಸಂಕ್ರಾಂತಿ ಅಲ್ಲಿ ಪೊಂಗಲ್, ಇಡೀ ತಮಿಳುನಾಡಿಗೆ ರಜೆ. ಸಾಧ್ಯವಾದರೆ ಹಬ್ಬ ಮುಗಿದು ಒಂದು ವಾರ ಬಿಟ್ಟು ಹೊರಡಿ. ಹೊರಡುವ ಮುಂಚೆ ಗೋಡೆ ಕ್ಯಾಲೆಂಡರಿನಲ್ಲಿ ಅವರಾತ್ರಿ ಅಮಾವಾಸ್ಯೆ ಯಾವತ್ತು ಅಂತ ನೋಡಿ. ಅಲ್ಲಿ ಅದೇ ತೈ ಅಮಾವಾಸ್ಯೆ, ಹಿರಿಯರಿಗೆ ತರ್ಪಣ ಬಿಡಲು ಲಕ್ಷಾಂತರ ಜನ ಸೇರುತ್ತಾರೆ. ನಮ್ಮ ಭೀಮನ ಅಮಾವಾಸ್ಯೆಯ ದಿನವೂ ಹಾಗೆಯೇ, ಅದು ಅವರಿಗೆ ಆಡಿ ಅಮಾವಾಸ್ಯೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತದ ಕಾಲ, ಹಾಗಾಗಿ ಜನವರಿ ಕೊನೆ, ಫೆಬ್ರವರಿ ಒಳ್ಳೆಯದು. ಆಗ ಧನುಷ್ಕೋಡಿ ದಾರಿಯ ಹಿನ್ನೀರಿನಲ್ಲಿ ರಾಜಹಂಸಗಳೂ ಸಿಗುತ್ತವೆ.

ಕಾರಿನಲ್ಲಿ ಬೆಂಗಳೂರಿನಿಂದ ಹೆಚ್ಚುಕಡಿಮೆ 600 ಕಿ.ಮೀ. ಹೊಸೂರು, ಸೇಲಂ, ಕರೂರು, ದಿಂಡಿಗಲ್, ಮಧುರೈ ದಾರಿ. ಬೆಳಗ್ಗೆ ಐದರೊಳಗೆ ಸಿಲ್ಕ್ ಬೋರ್ಡ್ ದಾಟಿಬಿಡಿ. ಅತ್ತೆಯವರಿಗಾಗಿ ಮಧುರೈನಲ್ಲಿ ಒಂದು ರಾತ್ರಿ ಉಳಿದರೆ ಒಳ್ಳೆಯದು. ನಾನಾಗಿದ್ದರೆ ಕಾರನ್ನೇ ಬಿಟ್ಟು ಹೋಗುತ್ತಿದ್ದೆ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಮಧುರೈ, ಅಲ್ಲಿಂದ ರಾಮೇಶ್ವರದ ರೈಲು. 2025ರ ಏಪ್ರಿಲ್‌ನಲ್ಲಿ ಹೊಸ ಪಾಂಬನ್ ಸೇತುವೆ ಶುರುವಾದ ಮೇಲೆ ರೈಲು ಮತ್ತೆ ದ್ವೀಪದೊಳಗೆ ಹೋಗುತ್ತಿದೆ. ಹಡಗು ಬಂದಾಗ ಸೇತುವೆಯ ನಡುವಿನ 72.5 ಮೀಟರ್ ತುಂಡು ಲಿಫ್ಟ್ ಥರ ನೇರವಾಗಿ ಮೇಲೇಳುತ್ತದೆ. ಕಿಟಕಿಯ ಕೆಳಗೆ ಬರೀ ನೀರು. ಮಕ್ಕಳು ಇದನ್ನು ಜೀವಮಾನವಿಡೀ ನೆನಪಿಟ್ಟುಕೊಳ್ಳುತ್ತಾರೆ.

ಪ್ರಶ್ನೆ: ರಾಮೇಶ್ವರದಲ್ಲಿ ಉಳಿದುಕೊಂಡು ಒಂದು ದಿನದ ಮಟ್ಟಿಗೆ ದೋಣಿಯಲ್ಲಿ ಶ್ರೀಲಂಕಾ ಕಡೆ ಹೋಗಿಬರಬಹುದಾ? ಕಚ್ಚತೀವು ನೋಡಬಹುದಾ?
ಓದುಗರು, ಯಲಹಂಕ

ಉತ್ತರ: ಇಲ್ಲ, ಪ್ರಯತ್ನವನ್ನೂ ಮಾಡಬೇಡಿ. ರಾಮೇಶ್ವರದಿಂದ ಲಂಕೆಗೆ ಪ್ರಯಾಣಿಕರ ದೋಣಿ ಇಲ್ಲ. ಗಡಿ ದಾಟಿದರು ಅಂತ ರಾಮೇಶ್ವರದ ಮೀನುಗಾರರನ್ನು ಲಂಕಾ ನೌಕಾಪಡೆ ಹಿಡಿದು ಜೈಲಿಗೆ ಹಾಕುವುದು, ದೋಣಿ ಮುಟ್ಟುಗೋಲು ಹಾಕಿಕೊಳ್ಳುವುದು ವರ್ಷವಿಡೀ ನಡೆಯುತ್ತಲೇ ಇದೆ. ಹುಟ್ಟಿದಾಗಿನಿಂದ ಆ ನೀರಿನಲ್ಲೇ ಇರುವವರ ಪಾಡೇ ಹೀಗಿರುವಾಗ, ಸ್ವಲ್ಪ ಮುಂದೆ ಕರೆದುಕೊಂಡು ಹೋಗಿ ಬರ್ತೀನಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಚ್ಚತೀವು 285 ಎಕರೆಯ ಪುಟ್ಟ ದ್ವೀಪ, ಕುಡಿಯುವ ನೀರೂ ಇಲ್ಲ, ಜನವಸತಿಯೂ ಇಲ್ಲ. 1974ರ ಒಪ್ಪಂದದಲ್ಲಿ ಅದು ಶ್ರೀಲಂಕಾದ ಕಡೆ ಸೇರಿತು. ಅಲ್ಲಿಯ ಸಂತ ಅಂತೋಣಿ ಚರ್ಚಿನ ಹಬ್ಬ ಫೆಬ್ರವರಿ ಇಲ್ಲವೇ ಮಾರ್ಚ್‌ನಲ್ಲಿ ನಡೆಯುತ್ತದೆ. ಮೊದಲೇ ಹೆಸರು ನೋಂದಾಯಿಸಿಕೊಂಡ ಭಕ್ತರನ್ನು ಆಗ ಮಾತ್ರ ರಾಮೇಶ್ವರದಿಂದ ದೋಣಿಗಳಲ್ಲಿ ಕಳಿಸುತ್ತಾರೆ, ಪಾಸ್‌ಪೋರ್ಟ್ ವೀಸಾ ಕೇಳುವುದಿಲ್ಲ. ಅದು ಹರಕೆ ಹೊತ್ತವರ ಯಾತ್ರೆ. ಭಕ್ತಿಯಿದ್ದರೆ ಹೋಗಿ, ಪಿಕ್ನಿಕ್ ಅಂದುಕೊಂಡು ಬೇಡ.

ಕಡಲ ಮೇಲೆಯೇ ಲಂಕೆಗೆ ಹೋಗಬೇಕು ಅನ್ನುವವರಿಗೆ ನಾಗಪಟ್ಟಿಣಂನಿಂದ ಜಾಫ್ನಾ ಹತ್ತಿರದ ಕಾಂಕೆಸಂತುರೈಗೆ 2023ರಲ್ಲಿ ಹಡಗು ಶುರುವಾಗಿದೆ. ನಿಂತು ನಿಂತು ನಡೆಯುವ ಸೇವೆ ಅದು, ಹವಾಮಾನ ಕೆಟ್ಟರೆ ಹೊರಡುವುದಿಲ್ಲ. ಪಾಸ್‌ಪೋರ್ಟ್, ವೀಸಾ ಎರಡೂ ಬೇಕು. ಹಾಗೆ ಹೋಗುವುದಾದರೆ ನಿಮ್ಮ ಠಾಣ್ಯ ರಾಮೇಶ್ವರ ಅಲ್ಲ, ನಾಗಪಟ್ಟಿಣಂ. ಹಡಗು ರದ್ದಾದರೆ ಬೇಸರವಾಗದ ಹಾಗೆ ಕೈಯಲ್ಲಿ ಎರಡು ದಿನ ಜಾಸ್ತಿ ಇಟ್ಟುಕೊಂಡು ಹೋಗಿ, ವೇಲಾಂಕಣಿ ಪಕ್ಕದಲ್ಲೇ ಇದೆ.

ಪ್ರಶ್ನೆ: ಗುಜರಾತಿನ ಕಚ್ ಕಡೆ ಕಡಲು ನೋಡಲು ಹೊರಟಿದ್ದೇವೆ. ಭುಜ್‌ನಲ್ಲಿ ಉಳಿಯುವುದಾ, ಮಾಂಡ್ವಿಯಲ್ಲಾ?
ಓದುಗರು, ಜಯನಗರ

ಉತ್ತರ: ಕಡಲಿಗೆ ಮಾಂಡ್ವಿ, ಗಡಿಗೆ ಭುಜ್. ಎರಡರ ನಡುವೆ ಸುಮಾರು 60 ಕಿ.ಮೀ. ಅಷ್ಟೇ. ಮಾಂಡ್ವಿಯಲ್ಲಿ ಎರಡು ರಾತ್ರಿ ಇದ್ದು, ಬೆಳಗ್ಗೆ ರುಕ್ಮಾವತಿ ನದಿಯ ದಡಕ್ಕೆ ಹೋಗಿ. ಮೂರು ನಾಲ್ಕು ಮಹಡಿ ಎತ್ತರದ ಮರದ ಹಡಗುಗಳನ್ನು ಇವತ್ತಿಗೂ ಕೈಯಲ್ಲೇ ಕಟ್ಟುತ್ತಾರೆ. ಹಲಗೆಗಳ ಸಂದಿಗೆ ಹತ್ತಿ ತುರುಕಿ ಸುತ್ತಿಗೆಯಲ್ಲಿ ಬಡಿಯುವ ಸದ್ದು ಕೇಳುತ್ತಾ ಅರ್ಧ ದಿನ ಕಳೆಯಬಹುದು.

ಕೋಟೇಶ್ವರ, ನಾರಾಯಣ ಸರೋವರ, ಲಖ್ಪತ್ ಕೋಟೆ ನೋಡಲು ಭುಜ್‌ನಿಂದ ಹೊರಡಿ, ಹೋಗಲೇ 150 ಕಿ.ಮೀ. ಆಗುತ್ತದೆ. ಲಖ್ಪತ್ ಒಂದು ಕಾಲದ ಶ್ರೀಮಂತ ಬಂದರು. 1819ರ ಭೂಕಂಪದಲ್ಲಿ ನದಿಯ ನೀರು ದಿಕ್ಕು ಬದಲಿಸಿದ ಮೇಲೆ ಬರಿದಾಯಿತು. ಕೋಟೆಗೋಡೆ ಹತ್ತಿ ನಿಂತರೆ ಎದುರಿಗೆ ಕೆಸರು ಬಯಲು, ಆಚೆ ಪಾಕಿಸ್ತಾನದ ದಿಕ್ಕಿಗೆ ಕೋರಿ ಕ್ರೀಕ್ ಅನ್ನುವ ನಮ್ಮದೇ ಕಡಲ ಹಿನ್ನೀರು. ಬಿಎಸ್‌ಎಫ್ ಜವಾನರು ಅಲ್ಲೇ ಇರುತ್ತಾರೆ, ಗುರುತಿನ ಚೀಟಿ ಇಟ್ಟುಕೊಳ್ಳಿ, ಕ್ಯಾಮೆರಾ ತೆಗೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿ. ದಾರಿಯಲ್ಲಿ ಹೋಟೆಲ್ ಕಡಿಮೆ, ನಾರಾಯಣ ಸರೋವರದ ಹತ್ತಿರ ಊಟ ಮುಗಿಸಿಕೊಂಡು ಕತ್ತಲಾಗುವುದರೊಳಗೆ ಭುಜ್‌ಗೆ ವಾಪಸ್ ಬನ್ನಿ.