ಕಚ್ಚು ಎಲ್ಲಿ, ಎಷ್ಟು ಆಳ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೋರ್‌ವೆಲ್ ಕೊರೆದವರು ತಗಡಿನ ವಿ-ನಾಚ್ (ನೀರು ಹರಿಯಲು V ಆಕಾರದ ಕಚ್ಚು ಹಾಕಿದ ತಗಡು) ಇಟ್ಟು ‘ಎರಡು ಇಂಚು ನೀರು’ ಅಂದರು. ಪಕ್ಕದ ತೋಟದ್ದು ಒಂದು ಇಂಚು. ನಮಗೆ ಅವರ ಎರಡರಷ್ಟು ನೀರು ಅಂತಲೇ? – ಚಿಂತಾಮಣಿಯ ಓದುಗರು

ಉತ್ತರ: ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ಈ ಇಂಚು ಪೈಪಿನ ಗಾತ್ರವಲ್ಲ. 90 ಡಿಗ್ರಿ ಕಚ್ಚಿನ ಕೆಳತುದಿಯಿಂದ ನೀರು ಎಷ್ಟು ಎತ್ತರ ನಿಂತಿದೆ ಎಂಬ ಅಳತೆ. ನೀರು ಏರಿದಷ್ಟೂ ಕಚ್ಚು ಅಗಲವಾಗುತ್ತದೆ, ಹರಿವೂ ಬಿರುಸಾಗುತ್ತದೆ. 1 ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, 2 ಇಂಚಿಗೆ 2,900, 3 ಇಂಚಿಗೆ 8,000ದ ಆಸುಪಾಸು. ಎರಡು ಇಂಚನ್ನು ಎರಡೂವರೆ ಎಂದು ಓದಿಬಿಟ್ಟರೆ 2,900 ಲೀಟರು 5,000 ಆಗಿಬಿಡುತ್ತದೆ!

ಟೇಪನ್ನು ಕಚ್ಚಿನ ಬಾಯಲ್ಲೇ ಹಿಡಿಯಬೇಡಿ, ಧುಮುಕುವ ಮುನ್ನ ನೀರು ಅಲ್ಲಿ ತಗ್ಗುತ್ತದೆ. ನೀರಿನ ಎತ್ತರದ ನಾಲ್ಕು ಪಟ್ಟು, ಅಂದರೆ ಎರಡು ಇಂಚಿದ್ದರೆ ಎಂಟು ಇಂಚು, ತಗಡಿನಿಂದ ಹಿಂದೆ ಸರಿದು ಅಳೆಯಿರಿ. ಕಂಪ್ರೆಸರ್ ಗಾಳಿಗೆ ನೀರು ಎಗರೆಗರಿ ಬರುವಾಗ ಅಲೆಯ ನೆತ್ತಿಯನ್ನೇ ಓದುವವರಿದ್ದಾರೆ. ತಗಡಿನ ಹಿಂದೆ ನೀರು ನಿಲ್ಲುವ ಪೆಟ್ಟಿಗೆಯೊಳಗೆ ಅಡ್ಡ ತಡೆ ಇಟ್ಟರೆ ಅಲೆ ಅಡಗುತ್ತದೆ. ತಗಡಿನ ಅಂಚು ಚೂಪಾಗಿರಲಿ, ನೀರು ಅದಕ್ಕೆ ಅಂಟದೆ ಹಾರಿ ಬೀಳಬೇಕು. ಎರಡು ಇಂಚಿಗಿಂತ ಕಡಿಮೆಯಿದ್ದಾಗ ಅಂಟುವುದೇ ಹೆಚ್ಚು, ಹಾಗಾಗಿ ಪಕ್ಕದವರ ‘ಒಂದು ಇಂಚು’ ಬರೀ ಅಂದಾಜು.

ಅನುಮಾನವಿದ್ದರೆ 200 ಲೀಟರಿನ ಡ್ರಮ್ ಹಿಡಿಯಿರಿ. ನಿಜವಾಗಿ ಎರಡು ಇಂಚಿದ್ದರೆ ನಾಲ್ಕು ನಿಮಿಷದ ಮೇಲೆ ಹತ್ತು ಸೆಕೆಂಡಿನಷ್ಟರಲ್ಲಿ ತುಂಬುತ್ತದೆ. ಆದರೂ ಕೊರೆದ ದಿನದ ನೀರನ್ನು ನಂಬಿ ಮೋಟಾರ್ ಕೊಳ್ಳಬೇಡಿ. ಕೆಲವು ಗಂಟೆ ಪಂಪ್ ಓಡಿಸಿ, ನೀರಿನ ಮಟ್ಟ ಎಲ್ಲಿ ನಿಲ್ಲುತ್ತದೆ ನೋಡಿ.

ಪ್ರಶ್ನೆ: ಹಳೆ ಮನೆಯ 6 ಇಂಚು ಎತ್ತರದ ಮರದ ತೊಲೆಯ ಕೆಳಗೆ ಕಚ್ಚು ಹೊಡೆದು ವೈರಿನ ಪೈಪ್ ಕೂರಿಸಬಹುದೇ? – ತೀರ್ಥಹಳ್ಳಿ

ಉತ್ತರ: ತೊಲೆಯ ಉದ್ದದ ನಡುವಿನ ಮೂರನೇ ಒಂದು ಭಾಗದಲ್ಲಂತೂ ಬೇಡವೇ ಬೇಡ. ಭಾರಕ್ಕೆ ತೊಲೆಯ ಕೆಳಮೈ ಹಿಗ್ಗುವುದು ಅಲ್ಲೇ ಹೆಚ್ಚು. ಕಚ್ಚಿನ ಒಳಮೂಲೆಯಿಂದ ಸೀಳು ಹೊರಟು ಮರದ ಎಳೆ ಹಿಡಿದು ಓಡುತ್ತದೆ. ಎರಡು ತುದಿಗಳ ಕಡೆಯ ಭಾಗದಲ್ಲಿ ಕಚ್ಚಿನ ಆಳಕ್ಕೆ ತೊಲೆಯ ಎತ್ತರದ ಆರನೇ ಒಂದಂಶ, ನಿಮ್ಮ ತೊಲೆಗೆ 1 ಇಂಚು, ಮಿತಿ. ಅಲ್ಲೂ ಮೂಲೆಗೆ ಮೊದಲು ತೂತು ಕೊರೆದು ಆಮೇಲೆ ಗರಗಸ ಹಾಕಿ; ದುಂಡು ಮೂಲೆಯಿಂದ ಸೀಳು ಸುಲಭಕ್ಕೆ ಏಳದು. ಎತ್ತರದ ನಟ್ಟನಡುವೆ ಮುಕ್ಕಾಲು ಇಂಚಿನ ತೂತು ಕೊರೆದು ಪೈಪ್ ತೂರಿಸುವುದು ಇದಕ್ಕಿಂತ ಎಷ್ಟೋ ವಾಸಿ.

ಪ್ರಶ್ನೆ: ರೇಷ್ಮೆ ಬ್ಲೌಸಿನ ತೋಳು ಹೊಲಿದ ಮೇಲೆ ತಿರುಚಿಕೊಳ್ಳುತ್ತದೆ. ಏಕೆ? – ಧಾರವಾಡ

ಉತ್ತರ: ತೋಳಿನ ಮುಂದು-ಹಿಂದು ಅದಲುಬದಲಾಗಿರಬೇಕು, ಇಲ್ಲವೇ ತೋಳಿನ ನೆತ್ತಿ (ಮೇಲ್ತುದಿ) ಭುಜದ ಹೊಲಿಗೆಗೆ ಸರಿಯಾಗಿ ಕೂತಿಲ್ಲ. ಕತ್ತರಿಸುವಾಗಲೇ ಮುಂಭಾಗಕ್ಕೆ ಒಂದು ಕಚ್ಚು, ಹಿಂಭಾಗಕ್ಕೆ ಎರಡು, ನೆತ್ತಿಗೆ ಒಂದು ಹಾಕಿ. ಕಂಕುಳ ಸುತ್ತಿಗೂ ಅದೇ ಗುರುತು. ಅರ್ಧ ಇಂಚಿನ ಹೊಲಿಗೆ ಅಂಚಿನಲ್ಲಿ ಕಚ್ಚು 3 ಮಿಲಿಮೀಟರ್ ಸಾಕು. ಎಳೆ ಬಿಚ್ಚುವ ರೇಷ್ಮೆಯಾದರೆ ಕತ್ತರಿ ಬೇಡ, ಬೇರೆ ಬಣ್ಣದ ದಾರದಲ್ಲಿ ಸಡಿಲ ಹೊಲಿಗೆ ಹಾಕಿ ಗುರುತು ಮಾಡಿ.